ಫ್ರಾಯ್ಡ್ ದೂರಿದ್ದು ಯಾರನ್ನು?

ಫ್ರಾಯ್ಡನನ್ನು ಒಪ್ಪುವವರೂ ಒಪ್ಪದವರೂ ಒಂದು ವಿಷಯದಲ್ಲಿ ಜಗಳವಾಡುವುದಿಲ್ಲ. ಮನುಷ್ಯ ಹುಟ್ಟಾ ಸುಖಜೀವಿ. ಸಮಾಜ ಅವನ ಕಾಮಕ್ಕೆ ಬೇಲಿ ಹಾಕಿತು. ಬೇಲಿಯೊಳಗೆ ಕೊಳೆತ ಆಸೆ ರೋಗವಾಯಿತು. ನಾಗರಿಕ ಮನುಷ್ಯನ ಅಸುಖಕ್ಕೆ ಅದೇ ಮೂಲ ಎಂದು ಫ್ರಾಯ್ಡ್ ಕಂಡುಹಿಡಿದ. ಇಷ್ಟು ಇಬ್ಬರಿಗೂ ಸಮ್ಮತ. ಒಪ್ಪುವವರು ‘ಹಾಗಾದರೆ ಬೇಲಿ ಕೀಳೋಣ’ ಎನ್ನುತ್ತಾರೆ. ಒಪ್ಪದವರು ‘ಅದಕ್ಕೇ ಈ ಮನುಷ್ಯ ಅಪಾಯಕಾರಿ’ ಎನ್ನುತ್ತಾರೆ. ಕಾಲೇಜಿನ ಮನಶ್ಶಾಸ್ತ್ರದ ನೋಟ್ಸುಗಳಿಂದ ಹಿಡಿದು ಸಿನಿಮಾ ವಿಮರ್ಶೆಯವರೆಗೆ ಓಡಾಡುತ್ತಿರುವುದು ಈ ಫ್ರಾಯ್ಡನೇ. ನನ್ನ ತಕರಾರು ಇವನ ಬಗ್ಗೆ. 1929ರ ಕೊನೆಗೆ ಅಚ್ಚಾಗಿ, 1930ರ ಇಸವಿ ಹೊತ್ತು ಬಂದ ‘ನಾಗರಿಕತೆ ಮತ್ತು ಅದರ ಅಸಂತೃಪ್ತಿಗಳು’ ಪುಸ್ತಕವನ್ನು ಕೊನೆಯ ಎರಡು ಅಧ್ಯಾಯಗಳವರೆಗೂ ಓದಿದರೆ, ಕಟಕಟೆಯಲ್ಲಿ ನಿಂತಿರುವುದು ಕಾಮವೂ ಅಲ್ಲ, ಅದನ್ನು ತಡೆದ ಸಮಾಜವೂ ಅಲ್ಲ ಎಂಬುದು ಗೊತ್ತಾಗುತ್ತದೆ. ಅಲ್ಲಿ ನಿಂತಿರುವುದು ನಾವೆಲ್ಲ ಕೈಮುಗಿಯುವ ಅಂತಃಸಾಕ್ಷಿ.

ತಪ್ಪು ಓದು ಗಾಳಿಯಲ್ಲಿ ಹುಟ್ಟಿದ್ದಲ್ಲ. ಅದಕ್ಕೆ ಬೇಕಾದ ಸಾಮಗ್ರಿಯನ್ನು ಫ್ರಾಯ್ಡನೇ ಒದಗಿಸಿದ್ದ. 1908ರಲ್ಲಿ ಅವನು ಬರೆದ ಒಂದು ಲೇಖನ ಅಂದಿನ ಯೂರೋಪಿನ ಮಧ್ಯಮವರ್ಗದ ಲೈಂಗಿಕ ನೀತಿಯನ್ನು ನೇರವಾಗಿ ತರಾಟೆಗೆ ತೆಗೆದುಕೊಂಡಿತು. ಮದುವೆಯ ತನಕ ಸಂಯಮ, ಮದುವೆಯ ನಂತರವೂ ಬಸಿರಿನ ಭಯದಿಂದ ಸಂಯಮ, ಗಂಡಿಗೊಂದು ನ್ಯಾಯ ಹೆಣ್ಣಿಗೊಂದು ನ್ಯಾಯ. ಇದರ ಬೆಲೆಯನ್ನು ಹೆಂಗಸರು ನರರೋಗದ ರೂಪದಲ್ಲಿ ತೆರುತ್ತಿದ್ದಾರೆ ಎಂದು ಅದರಲ್ಲಿ ಅವನು ಬರೆದ. ಈ ಲೇಖನವೊಂದೇ ಉಳಿದಿದ್ದರೆ ಜನಪ್ರಿಯ ಫ್ರಾಯ್ಡ್ ಸರಿಯಾದ ಫ್ರಾಯ್ಡನೇ ಆಗಿರುತ್ತಿದ್ದ. ಅವನ ಶಿಷ್ಯ ವಿಲ್‌ಹೆಲ್ಮ್ ರೈಕ್ ಹಿಡಿದದ್ದು ಈ ಎಳೆಯನ್ನೇ. ವಿಯೆನ್ನಾದ ಕಾರ್ಮಿಕರಿಗಾಗಿ ಲೈಂಗಿಕ ಸಲಹಾ ಕೇಂದ್ರಗಳನ್ನು ತೆರೆದ ರೈಕ್, ಕಾಮತೃಪ್ತಿಯಿದ್ದಲ್ಲಿ ನರರೋಗವಿಲ್ಲ ಎಂಬಷ್ಟು ದೂರ ಹೋದ. ಫ್ರಾಯ್ಡನ 1930ರ ಪುಸ್ತಕ ತನಗೆ ಕೊಟ್ಟ ಉತ್ತರ ಎಂದು ಮುಂದೆ ಹೇಳಿಕೊಂಡ. ಅದರಲ್ಲಿ ಸ್ವಲ್ಪ ಜಂಬವಿದ್ದರೂ ಮಾತು ಪೂರ್ತಿ ಸುಳ್ಳಲ್ಲ. ಅಷ್ಟು ಹೊತ್ತಿಗೆ ಗುರು ಬೇರೆ ದಾರಿ ಹಿಡಿದಾಗಿತ್ತು. 1934ರಲ್ಲಿ ಮನೋವಿಶ್ಲೇಷಕರ ಸಂಘ ರೈಕ್‌ನನ್ನು ಹೊರಗೆ ಹಾಕಿತು. ಆದರೆ ಜನರ ತಲೆಯಲ್ಲಿ ಗೆದ್ದವನು ರೈಕ್. ಇವತ್ತು ‘ಫ್ರಾಯ್ಡ್ ಹೇಳಿದ’ ಎಂದು ನಾವು ಆಡುವ ಅರ್ಧ ಮಾತು ರೈಕ್ ಹೇಳಿದ್ದು.

ಹಿರಿಯ ಫ್ರಾಯ್ಡ್ ಸುಖದ ಬಗ್ಗೆ ಏನು ಹೇಳಿದ ಎಂಬುದನ್ನು ಮೊದಲು ನೋಡಬೇಕು. ಏಕೆಂದರೆ ಅಲ್ಲಿ ಅವನು ಸುಖವಾದಿಯೇ ಅಲ್ಲ. 1929ರ ಬೇಸಗೆಯಲ್ಲಿ, ಎಪ್ಪತ್ಮೂರರ ವಯಸ್ಸಿನಲ್ಲಿ, ಬರ್ಖ್ಟೆಸ್‌ಗಾಡೆನ್ ಬಳಿ ಬಿಡಾರ ಹೂಡಿ ಅವನು ಈ ಪುಸ್ತಕ ಬರೆದ. ದವಡೆಯ ಕ್ಯಾನ್ಸರಿಗೆ ಆಗ ಆರು ವರ್ಷ. ಬಾಯೊಳಗೆ ಕೃತಕ ದವಡೆ. ಇಡೀ ದಿನ ಸಿಗಾರು ಸೇದುತ್ತ ಇಸ್ಪೀಟಾಡಲು ಆಗುವುದಿಲ್ಲವಲ್ಲ, ಅದಕ್ಕೆ ಬರೆಯುತ್ತಿದ್ದೇನೆ ಎಂದು ಗೆಳತಿ ಲೂ ಆಂಡ್ರಿಯಾಸ್ ಸಲೋಮೆಗೆ ಕಾಗದ ಹಾಕಿದ್ದ. ಯಂತ್ರಗಳನ್ನು ಜೋಡಿಸಿಕೊಂಡ ಆಧುನಿಕ ಮನುಷ್ಯ ಕೃತಕ ಅಂಗಗಳನ್ನು ತೊಟ್ಟ ಒಬ್ಬ ದೇವರು, ಆದರೆ ಆ ಅಂಗಗಳು ಮೈಗೆ ಸರಿಯಾಗಿ ಹೊಂದಿಕೊಂಡಿಲ್ಲ ಎಂದು ಅವನು ಅದರಲ್ಲಿ ಬರೆಯುವಾಗ ಆ ಮಾತಿನ ಹಿಂದೆ ಅವನ ದವಡೆಯೂ ನೋಯುತ್ತಿದೆ.

ಅವನ ಲೆಕ್ಕ ಸರಳ. ದುಃಖ ಮೂರು ಕಡೆಯಿಂದ ಬರುತ್ತದೆ: ಸವೆಯುವ ದೇಹದಿಂದ, ಕರುಣೆಯಿಲ್ಲದ ಪ್ರಕೃತಿಯಿಂದ, ಉಳಿದ ಮನುಷ್ಯರಿಂದ. ಮೂರನೆಯದೇ ಎಲ್ಲಕ್ಕಿಂತ ಹೆಚ್ಚು ನೋಯಿಸುತ್ತದೆ. ಸುಖವೋ, ಒಂದು ಸ್ಥಿತಿಯೇ ಅಲ್ಲ. ಕಟ್ಟಿಕೊಂಡ ಒತ್ತಡ ಸಡಿಲವಾದ ಗಳಿಗೆ ಮಾತ್ರ. ಚಳಿಯ ರಾತ್ರಿ ಕಂಬಳಿಯಿಂದ ಕಾಲು ಹೊರಗೆ ಚಾಚಿ ಮತ್ತೆ ಒಳಗೆಳೆದುಕೊಂಡಾಗ ಸಿಗುವ ಅಗ್ಗದ ಹಿತವನ್ನು ಅವನು ಉದಾಹರಣೆಯಾಗಿ ಕೊಡುತ್ತಾನೆ. ದೂರದ ಊರಿನ ಮಗನ ದನಿ ಟೆಲಿಫೋನಿನಲ್ಲಿ ಕೇಳುವುದು ಸುಖವೇ, ನಿಜ. ಆದರೆ ರೈಲು ಇಲ್ಲದಿದ್ದರೆ ಮಗ ಊರು ಬಿಡುತ್ತಲೇ ಇರಲಿಲ್ಲ, ಟೆಲಿಫೋನು ಬೇಕಾಗುತ್ತಲೂ ಇರಲಿಲ್ಲ. ಮಕ್ಕಳನ್ನು ವಿದೇಶಕ್ಕೆ ಕಳಿಸಿ ರಾತ್ರಿ ವಿಡಿಯೊ ಕಾಲಿಗೆ ಕಾಯುವ ಬೆಂಗಳೂರಿನ ತಂದೆತಾಯಿಗಳಿಗೆ ಈ ವಾದವನ್ನು ವಿವರಿಸಬೇಕಿಲ್ಲ. ಸುಖ ಹೀಗೆ ಬಂದುಹೋಗುವುದೇ ಆದರೆ, ಎಷ್ಟು ಬೇಲಿ ಕಿತ್ತರೂ ಮನುಷ್ಯ ನಿತ್ಯಸುಖಿಯಾಗಲಾರ. ರೈಕ್‌ನ ಕನಸು ಎರಡನೆಯ ಅಧ್ಯಾಯದಲ್ಲೇ ಮುಗಿದುಹೋಗುತ್ತದೆ.

ಇನ್ನು ನೋವು. ನೋವೆಂದರೆ ಸುಖದ ಅಭಾವ, ಮನುಷ್ಯ ಅದರಿಂದ ಓಡುತ್ತಾನೆ ಎಂಬ ನಂಬಿಕೆಯೂ ಅವನ ಕೈಯಲ್ಲಿ ಉಳಿಯಲಿಲ್ಲ. ಮೊದಲ ಮಹಾಯುದ್ಧದಿಂದ ಮರಳಿದ ಸೈನಿಕರು ರಾತ್ರಿ ರಾತ್ರಿ ಅದೇ ಸ್ಫೋಟವನ್ನು ಕನಸಿನಲ್ಲಿ ಕಾಣುತ್ತಿದ್ದರು. ಕನಸು ಆಸೆಯ ಈಡೇರಿಕೆ ಎಂದು ಸಾರಿದ್ದವನಿಗೆ ಇದೊಂದು ಗಂಟಲಮುಳ್ಳಾಯಿತು. ಜೊತೆಗೆ ಮೊಮ್ಮಗನ ಆಟ. ಒಂದೂವರೆ ವರ್ಷದ ಎರ್ನ್ಸ್ಟ್ ದಾರ ಕಟ್ಟಿದ ಮರದ ಉರುಳೆಯೊಂದನ್ನು ಪರದೆ ಹೊದಿಸಿದ ಮಂಚದಾಚೆ ಎಸೆದು, ಹೋಯಿತು ಎಂಬಂತೆ ಉದ್ಗಾರ ತೆಗೆದು, ಮತ್ತೆ ಎಳೆದುಕೊಂಡು ಬಂತು ಎಂದು ಹಿಗ್ಗುತ್ತಿದ್ದ. ಅಮ್ಮ ಹೊರಗೆ ಹೋಗುವುದನ್ನು ಮಗು ಆಟವಾಗಿಸಿಕೊಂಡಿದೆ ಎಂದು ಅಜ್ಜನಿಗೆ ಹೊಳೆಯಿತು. ಆದರೆ ಮಗು ಹೆಚ್ಚು ಸಲ ಆಡುತ್ತಿದ್ದದ್ದು ಆಟದ ಮೊದಲ ಅರ್ಧವನ್ನೇ, ಹೋಗುವುದನ್ನೇ. ಬರುವ ಸಂತೋಷ ಕೈಯಲ್ಲೇ ಇದ್ದಾಗ ಹೋಗುವ ನೋವನ್ನು ಮತ್ತೆ ಮತ್ತೆ ಯಾಕೆ ಬಯಸಬೇಕು? ‘ಸುಖತತ್ವದ ಆಚೆಗೆ’ ಎಂಬ 1920ರ ಪುಸ್ತಕ ಈ ಪ್ರಶ್ನೆಯ ಸುತ್ತ ಸುತ್ತುತ್ತದೆ. ಅದೇ ವರ್ಷ ಜನವರಿಯಲ್ಲಿ ಮಗುವಿನ ತಾಯಿ, ಫ್ರಾಯ್ಡನ ಮಗಳು ಸೋಫಿ, ಫ್ಲೂ ಜ್ವರದಲ್ಲಿ ತೀರಿಕೊಂಡಳು. ಪುಸ್ತಕ ಉತ್ತರವಾಗಿ ಮುಂದಿಟ್ಟ ಮೃತ್ಯುಪ್ರವೃತ್ತಿ, ಅಂದರೆ ಜೀವಿಯೊಳಗೇ ಇರುವ ಸಾವಿನ ಸೆಳೆತ, ಮಗಳ ಸಾವಿನಿಂದ ಹುಟ್ಟಿದ್ದು ಎಂದು ಜನ ಆಡಿಕೊಂಡಾರು ಎಂದು ಅವನಿಗೆ ಮೊದಲೇ ಗೊತ್ತಿತ್ತು. ಅವಳು ಆರೋಗ್ಯವಾಗಿದ್ದಾಗಲೇ ಹಸ್ತಪ್ರತಿ ಅರ್ಧ ಮುಗಿದಿತ್ತೆಂದು ಸಾಕ್ಷಿ ಹೇಳಲು ಗೆಳೆಯ ಐಟಿಂಗೋನನಿಗೆ ಬರೆದ. 1924ರ ಹೊತ್ತಿಗೆ ಅವನು ಇನ್ನೊಂದು ಹೆಜ್ಜೆ ಮುಂದಿಟ್ಟ: ಹಿತವಾದ ಒತ್ತಡಗಳೂ ಇವೆ, ಅಹಿತವಾದ ಸಡಿಲಿಕೆಗಳೂ ಇವೆ, ನೋವನ್ನೇ ತೃಪ್ತಿಯಾಗಿ ಅನುಭವಿಸುವ ಮನಸ್ಸೂ ಇದೆ ಎಂದು ಒಪ್ಪಿಕೊಂಡ.

ಮೃತ್ಯುಪ್ರವೃತ್ತಿಯನ್ನು ಜೀವಕೋಶಗಳ ಮಟ್ಟಕ್ಕೆ ಒಯ್ದು ಅವನು ಮಾಡಿದ ಜೀವಶಾಸ್ತ್ರ ನನಗೆ ರುಚಿಸುವುದಿಲ್ಲ. ಅದನ್ನು ಬದಿಗಿಟ್ಟರೂ ವಾದದ ಮುಖ್ಯಭಾಗಕ್ಕೆ ಏನೂ ಆಗುವುದಿಲ್ಲ. ಮನುಷ್ಯ ಮನುಷ್ಯನನ್ನು ನೋಯಿಸಲು ಹಾತೊರೆಯುತ್ತಾನೆ, ಇಷ್ಟನ್ನು ಒಪ್ಪಿದರೆ ಸಾಕು. ನಾಗರಿಕತೆಗೆ ನಿಜವಾದ ತಲೆನೋವು ಕಾಮವಲ್ಲ, ಈ ಹಿಂಸೆಯ ಹಂಬಲ. ಕಾಮಕ್ಕಾದರೆ ಮದುವೆ, ಸಂಸಾರ, ಕಾವ್ಯ ಎಂದು ಏನೋ ಒಂದು ದಾರಿ ತೋರಿಸಬಹುದು. ಹಿಂಸೆಯನ್ನು ಎಲ್ಲಿಗೆ ಕಳಿಸುವುದು? 1930ರ ಪುಸ್ತಕದ ಏಳನೆಯ ಅಧ್ಯಾಯದ ಉತ್ತರ: ಬಂದಲ್ಲಿಗೇ ವಾಪಸು. ಹೊರಗಿನವನ ಮೇಲೆ ಬೀಳಬೇಕಿದ್ದ ಕೋಪ ಒಳಗೆ ತಿರುಗುತ್ತದೆ, ಮನಸ್ಸಿನ ಒಂದು ಭಾಗ ಅದನ್ನು ವಶಕ್ಕೆ ತೆಗೆದುಕೊಂಡು ಉಳಿದ ಭಾಗದ ಮೇಲೆ ಪ್ರಯೋಗಿಸುತ್ತದೆ. ಗೆದ್ದ ಪಟ್ಟಣದೊಳಗೆ ಠಾಣ್ಯ ಕೂರಿಸಿದಂತೆ ಎಂಬುದು ಫ್ರಾಯ್ಡನದೇ ಹೋಲಿಕೆ. ಆ ಠಾಣ್ಯಕ್ಕೆ ಸೂಪರ್ ಈಗೋ ಎಂದು ಹೆಸರು. ಅದು ಮೀಸೆ ತಿರುವಿದಾಗ ನಮಗೆ ಆಗುವ ಅನುಭವ ಪಾಪಪ್ರಜ್ಞೆ.

ಇಲ್ಲೇ ಫ್ರಾಯ್ಡ್ ನಮ್ಮ ಸಹಜ ನಂಬಿಕೆಯೊಂದನ್ನು ತಲೆಕೆಳಗು ಮಾಡುತ್ತಾನೆ. ಸಹಜ ನಂಬಿಕೆಯ ಪ್ರಕಾರ ಅಂತಃಸಾಕ್ಷಿ ಮೊದಲು, ತ್ಯಾಗ ಆಮೇಲೆ. ಮನಸ್ಸು ಬೇಡ ಎಂದಿತು, ಬಿಟ್ಟೆವು, ಮನಸ್ಸು ಸಮಾಧಾನವಾಯಿತು. ಆಗುವುದು ಹಾಗಲ್ಲ. ಬಿಟ್ಟ ಪ್ರತಿಯೊಂದು ಆಸೆಯೂ ಅಂತಃಸಾಕ್ಷಿಗೆ ಹೊಸ ಬಲ ತುಂಬುತ್ತದೆ, ಬಲ ಹೆಚ್ಚಿದ ಅಂತಃಸಾಕ್ಷಿ ಇನ್ನಷ್ಟು ಬಿಡು ಎನ್ನುತ್ತದೆ. ಬಡ್ಡಿ ಕಟ್ಟಿದಷ್ಟೂ ಅಸಲು ಬೆಳೆಯುವ ಸಾಲ ಇದು. ಹೊರಗಿನ ಅಪ್ಪನಿಗೆ, ಪೊಲೀಸನಿಗೆ ಕೃತ್ಯ ಮಾಡದಿದ್ದರೆ ಸಾಕು. ಒಳಗಿನವನಿಗೆ ಬಯಕೆಯೂ ಕಾಣುತ್ತದೆ, ಅವನ ಲೆಕ್ಕದಲ್ಲಿ ಬಯಸಿದ್ದೂ ಮಾಡಿದ್ದೂ ಒಂದೇ. ಹೀಗಾಗಿ ಒಳ್ಳೆಯವನಿಗೇ ಹೆಚ್ಚು ಶಿಕ್ಷೆ. ಪುಣ್ಯದ ಹಾದಿಯಲ್ಲಿ ಬಹುದೂರ ಹೋದ ಸಂತರೇ ತಮ್ಮನ್ನು ಕಡುಪಾಪಿಗಳೆಂದು ಕರೆದುಕೊಂಡಿರುವುದು ವಿನಯಕ್ಕಲ್ಲ. ಅವರ ಮಟ್ಟಿಗೆ ಅದು ಅನುಭವದ ವರದಿ. ಕಷ್ಟ ಬಂದಾಗಲೂ ಇದೇ ಕತೆ. ವಿಧಿ ಮುನಿದರೆ ಅಂತಃಸಾಕ್ಷಿ ಸುಮ್ಮನಿರುವುದಿಲ್ಲ, ನಿನ್ನದೇ ತಪ್ಪು ಎಂದು ಹಳೆಯ ಕಡತ ತೆಗೆಯುತ್ತದೆ. ಯೆಹೂದ್ಯರು ಆಪತ್ತು ಬಂದಾಗಲೆಲ್ಲ ದೇವರನ್ನು ಬಿಟ್ಟು ತಮ್ಮನ್ನೇ ದೂರಿಕೊಂಡರು, ಅವರ ಕಠಿಣ ಧರ್ಮಶಾಸನ ಹುಟ್ಟಿದ್ದೇ ಹಾಗೆ ಎನ್ನುವ ಫ್ರಾಯ್ಡ್, ‘ಆದಿಮ’ ಮನುಷ್ಯನಾದರೆ ಕೈಕೊಟ್ಟ ದೇವರಿಗೇ ಏಟು ಕೊಡುತ್ತಾನೆ ಎಂದು ಸೇರಿಸುತ್ತಾನೆ. ಆ ‘ಆದಿಮ’ ಎಂಬ ಮಾತು ಅವನ ಕಾಲದ ಅಹಂಕಾರದ್ದು. ದೇವರನ್ನು ಬಾಯಿತುಂಬ ಬೈಯುವ ನಿಂದಾಸ್ತುತಿಯನ್ನು ಭಕ್ತಿಯ ಒಂದು ಪ್ರಕಾರವಾಗಿಯೇ ಬೆಳೆಸಿದ ನಮ್ಮ ದಾಸರು ಅವನ ಕಣ್ಣಿಗೆ ಬಿದ್ದಿದ್ದರೆ ಏನೆನ್ನುತ್ತಿದ್ದನೋ.

ಅಂತಃಸಾಕ್ಷಿಯ ಕಾಠಿಣ್ಯಕ್ಕೆ ತಂದೆತಾಯಿಯ ಕಾಠಿಣ್ಯವೇ ಕಾರಣ, ಮುದ್ದಾಗಿ ಬೆಳೆಸಿದರೆ ಸರಿಹೋಗುತ್ತದೆ ಎಂಬ ಭರವಸೆಯನ್ನೂ ಪುಸ್ತಕ ಉಳಿಸುವುದಿಲ್ಲ. ಮನೋವಿಶ್ಲೇಷಕ ಫ್ರಾನ್ಜ್ ಅಲೆಕ್ಸಾಂಡರ್ 1927ರಲ್ಲಿ ಬರೆದದ್ದನ್ನು ಎತ್ತಿಕೊಂಡು ಫ್ರಾಯ್ಡ್ ಅಡಿಟಿಪ್ಪಣಿಯಲ್ಲಿ ಹೇಳುತ್ತಾನೆ: ಅತಿಯಾಗಿ ಪ್ರೀತಿಸುವ ಅಪ್ಪನ ಮಗುವಿಗೆ ಸಿಟ್ಟು ತೋರಿಸಲು ಹೊರಗೆ ಯಾರೂ ಸಿಗುವುದಿಲ್ಲ, ಆದ್ದರಿಂದ ಅದರ ಸಿಟ್ಟೆಲ್ಲ ಒಳಕ್ಕೇ ಹೋಗಿ ಬಿಗಿಯಾದ ಅಂತಃಸಾಕ್ಷಿ ಬೆಳೆಯಬಹುದು. ದಮನ ಹೊರಗಿನಿಂದಲೇ ಬರಬೇಕಾಗಿಲ್ಲ ಎಂಬುದನ್ನು ಬೇರೊಂದು ದಾರಿಯಿಂದ ಕಂಡುಕೊಂಡಿದ್ದವನು ಕಲ್ಕತ್ತೆಯ ಗಿರೀಂದ್ರಶೇಖರ ಬೋಸ್. 1922ರಲ್ಲಿ ಭಾರತೀಯ ಮನೋವಿಶ್ಲೇಷಣಾ ಸಂಘವನ್ನು ಕಟ್ಟಿದ, ಫ್ರಾಯ್ಡನ ಜೊತೆ ವರ್ಷಗಟ್ಟಲೆ ಪತ್ರವ್ಯವಹಾರ ನಡೆಸಿದ ಬೋಸ್‌ನ ಸಿದ್ಧಾಂತದಲ್ಲಿ ಪ್ರತಿ ಬಯಕೆಗೂ ಅದರ ವಿರುದ್ಧ ಬಯಕೆ ಜೋಡಿಯಾಗಿಯೇ ಇರುತ್ತದೆ. ಹೊಡೆಯುವ ಆಸೆಯ ಬೆನ್ನಿಗೆ ಹೊಡೆಸಿಕೊಳ್ಳುವ ಆಸೆ. ಒಂದನ್ನು ಒತ್ತಿಹಿಡಿಯುವುದು ಇನ್ನೊಂದು. ಫ್ರಾಯ್ಡ್ ಇದನ್ನು ಪೂರ್ತಿ ಒಪ್ಪಲಿಲ್ಲ. ಎಪ್ಪತ್ತೈದನೆಯ ಹುಟ್ಟುಹಬ್ಬಕ್ಕೆ ಕಲ್ಕತ್ತೆಯಿಂದ ಬಂದ ದಂತದ ವಿಷ್ಣುವನ್ನು ಮಾತ್ರ ಮೇಜಿನ ಮೇಲಿಟ್ಟುಕೊಂಡ.

ಕನ್ನಡದಲ್ಲಿ ಈ ತಪ್ಪು ಓದಿನಿಂದ ಆದ ನಷ್ಟಕ್ಕೆ ಒಂದು ಉದಾಹರಣೆ ಸಾಕು. ಅನಂತಮೂರ್ತಿಯವರ ‘ಸಂಸ್ಕಾರ’ 1965ರಲ್ಲಿ ಬಂದಾಗಿನಿಂದ ಪ್ರಾಣೇಶಾಚಾರ್ಯರ ಕತೆಯನ್ನು ದಮನಿತ ಕಾಮದ ಸ್ಫೋಟವೆಂದು ವಿವರಿಸುವುದು ರೂಢಿ. ಕಾಡಿನ ಕತ್ತಲೆಯಲ್ಲಿ ಚಂದ್ರಿಯ ಸಂಗವಾಯಿತು, ಒಣಗಿದ ಆಚಾರ್ಯರೊಳಗಿನ ಮನುಷ್ಯ ಎಚ್ಚೆತ್ತ, ಫ್ರಾಯ್ಡ್ ಗೆದ್ದ! ಆದರೆ ಆಚಾರ್ಯರು ರೋಗಿಷ್ಠ ಭಾಗೀರಥಿಯ ಜೊತೆಗಿನ ದಾಂಪತ್ಯವನ್ನು ಹೇಗೆ ಬದುಕುತ್ತಿದ್ದರು ನೋಡಿ. ಅದು ಅವರಿಗೆ ಕೊರತೆಯಲ್ಲ, ಸಾಧನೆ. ಕಾಮವನ್ನು ಬಿಟ್ಟು ಅದರ ಬದಲಿಗೆ ಅವರು ಪಡೆದದ್ದು ತ್ಯಾಗದ ಸುಖ, ಒಳಗಿನ ಠಾಣ್ಯಾಧಿಕಾರಿಯ ಮೆಚ್ಚುಗೆ. ಹೆಂಡತಿಯ ಶುಶ್ರೂಷೆಯ ಪ್ರತಿದಿನದ ವಿವರದಲ್ಲೂ ಆ ಮೆಚ್ಚುಗೆಯ ಸವಿ ಇದೆ. ಇನ್ನು ಚಂದ್ರಿಯ ಸಂಗದ ನಂತರ? ಬಿಡುಗಡೆಯ ಸಿದ್ಧಾಂತ ನಿಜವಾಗಿದ್ದರೆ ಅವರು ಹಗುರಾಗಬೇಕಿತ್ತು. ಆಗುವುದು ತದ್ವಿರುದ್ಧ. ಬೆನ್ನು ಬಿಡದ ಪುಟ್ಟನ ಜೊತೆ ಮೇಳಿಗೆಯ ಜಾತ್ರೆಯಲ್ಲಿ ಅಲೆಯುವಾಗ, ಹೆಂಡತಿ ಸತ್ತ ಸೂತಕದಲ್ಲಿದ್ದೂ ದೇವಸ್ಥಾನದ ಪಂಕ್ತಿಯಲ್ಲಿ ಊಟಕ್ಕೆ ಕೂತಾಗ, ಯಾರಾದರೂ ಗುರುತು ಹಿಡಿದಾರೆಂಬ ಭಯದಲ್ಲಿ ಆಚಾರ್ಯರು ನಡುಗುತ್ತಾರೆ. ಆ ಗುರುತು ಹಿಡಿಯುವವನು ಪಂಕ್ತಿಯಲ್ಲಿ ಎದುರು ಕೂತಿಲ್ಲ. ಕಾದಂಬರಿಯ ಶಕ್ತಿಯೆಲ್ಲ ಇರುವುದು ಈ ಅಲೆದಾಟದಲ್ಲಿ. ಅನಂತಮೂರ್ತಿಯವರು ಫ್ರಾಯ್ಡನನ್ನು ಮನಸ್ಸಿನಲ್ಲಿಟ್ಟು ಬರೆದರೆಂದು ನಾನು ಹೇಳುತ್ತಿಲ್ಲ. ಫ್ರಾಯ್ಡನ ಹೆಸರು ಹೇಳಿ ಅವರನ್ನು ಓದಿದವರು ಏಳನೆಯ ಅಧ್ಯಾಯವನ್ನು ಓದಿಕೊಂಡಿದ್ದರೆ ಚಂದ್ರಿಯ ಹತ್ತಿರ ಅಷ್ಟು ಹೊತ್ತು ನಿಲ್ಲುತ್ತಿರಲಿಲ್ಲ.

ಇನ್ನೊಂದು ಬಗೆಯ ಓದುಗರಿದ್ದಾರೆ. ಇವರದು ‘ಇದನ್ನೆಲ್ಲ ನಮ್ಮವರು ಎಂದೋ ಹೇಳಿದ್ದರು’ ಎಂಬ ಜಾತಿ. ಭೋಗದಿಂದ ಆಸೆ ತೀರದು ಎಂದು ಯಯಾತಿ ಮಹಾಭಾರತದಲ್ಲೇ ಕಂಡುಕೊಂಡಿದ್ದ, ಫ್ರಾಯ್ಡ್ ತಡವಾಗಿ ಬಂದ ಎಂದು ಇವರ ವಾದ. ಸಾಮ್ಯ ಅರ್ಧದಾರಿಗೇ ನಿಂತುಹೋಗುತ್ತದೆ. ಯಯಾತಿಯ ಕತೆಯಲ್ಲಿ ಭೋಗ ಕೈಕೊಟ್ಟರೂ ತ್ಯಾಗ ಕೈಹಿಡಿಯುತ್ತದೆ. ಯೌವನವನ್ನು ಮಗನಿಗೆ ಮರಳಿಸಿ ಕಾಡಿಗೆ ಹೋದರೆ ಶಾಂತಿ ಇದೆ. ಫ್ರಾಯ್ಡನಲ್ಲಿ ಆ ಕಾಡೂ ಇಲ್ಲ. ಯೋಗದಿಂದ ಆಸೆಯನ್ನೇ ಕೊಲ್ಲುವ ಪೂರ್ವದ ವಿವೇಕವನ್ನು ಅವನು ಹೆಸರಿಸುತ್ತಾನೆ. ಅದು ಸಿದ್ಧಿಸಿದರೂ ಬಾಳನ್ನೇ ಬಲಿಕೊಟ್ಟು ನೆಮ್ಮದಿಯೊಂದನ್ನು ಕೊಂಡಂತೆ ಎಂದು ಮುಂದೆ ಹೋಗುತ್ತಾನೆ. ಫ್ರೆಂಚ್ ಲೇಖಕ ರೊಮೇನ್ ರೊಲಾಂ 1927ರ ಡಿಸೆಂಬರಿನಲ್ಲಿ ಅವನಿಗೆ ಬರೆದ ಪತ್ರದಲ್ಲಿ ಧರ್ಮದ ಬೇರು ಅನಂತದೊಂದಿಗೆ ಒಂದಾದ ಸಾಗರದಂಥ ಅನುಭವದಲ್ಲಿದೆ ಎಂದಿದ್ದ. ರಾಮಕೃಷ್ಣ, ವಿವೇಕಾನಂದರ ಜೀವನಚರಿತ್ರೆಗಳಿಗೆ ಕೈಹಾಕಿದ್ದ ದಿನಗಳವು. ಪುಸ್ತಕದ ಮೊದಲ ಅಧ್ಯಾಯವೇ ಅದಕ್ಕೆ ಉತ್ತರ: ಅಂಥದ್ದು ನನ್ನೊಳಗೆ ಕಾಣುತ್ತಿಲ್ಲ. ಈ ನಿರಾಕರಣೆ ಒರಟಾಗಿದೆ, ಒಪ್ಪುತ್ತೇನೆ. ಆದರೆ ಅವನನ್ನು ನಮ್ಮ ಋಷಿಗಳ ಸಾಲಿನಲ್ಲಿ ಕೂರಿಸಿ ಹಾರ ಹಾಕುವುದಕ್ಕಿಂತ ಈ ಒರಟುತನವನ್ನು ಗೌರವಿಸುವುದು ಮೇಲು.

ಫ್ರಾಯ್ಡನ ಮಾತನ್ನು ಇಷ್ಟು ಎತ್ತಿಹಿಡಿದ ಮೇಲೆ ಅವನು ಎಲ್ಲಿ ಮುಗ್ಗರಿಸಿದ ಎಂಬುದನ್ನೂ ಹೇಳಬೇಕು. ಸಂಯಮದ ಬೆಲೆ ತೆರುವವರು ಹೆಂಗಸರು ಎಂದು 1908ರಲ್ಲಿ ಗುರುತಿಸಿದವನೇ 1930ರ ಪುಸ್ತಕದಲ್ಲಿ, ನಾಗರಿಕತೆ ಗಂಡಸರ ಕೆಲಸ, ಹೆಂಗಸರು ಬಹುಬೇಗ ಅದಕ್ಕೆ ಅಡ್ಡ ನಿಲ್ಲುತ್ತಾರೆ ಎಂದು ಬರೆಯುತ್ತಾನೆ. ಸಾಲ ತೀರಿಸುತ್ತಿದ್ದವರನ್ನೇ ಸುಸ್ತಿದಾರರೆಂದು ಬರೆದುಕೊಂಡ ಹಾಗಾಯಿತು. ಇದಕ್ಕಿಂತ ದೊಡ್ಡ ದೋಷ ಇನ್ನೊಂದಿದೆ. 1927ರ ‘ಒಂದು ಭ್ರಮೆಯ ಭವಿಷ್ಯ’ದಲ್ಲಿ, ಬಹುಪಾಲು ಜನರನ್ನು ಅತೃಪ್ತರನ್ನಾಗಿಟ್ಟ ನಾಗರಿಕತೆ ಬಾಳುವುದೂ ಇಲ್ಲ, ಬಾಳುವ ಯೋಗ್ಯತೆಯೂ ಅದಕ್ಕಿಲ್ಲ ಎಂದು ಅವನು ನೇರವಾಗಿ ಬರೆದಿದ್ದ. ಸಾಲದಲ್ಲೂ ಸೈನ್ಯದ ದುಡಿಮೆಯಲ್ಲೂ ನುಗ್ಗಾದ ರೋಮಿನ ಬಡವ ತಾನೂ ರೋಮನ್ ಪ್ರಜೆ ಎಂಬ ಹೆಮ್ಮೆಯಿಂದ, ಹೊರಗಿನವರನ್ನು ಕೀಳಾಗಿ ಕಂಡು ಸಮಾಧಾನಪಡುತ್ತಾನೆ ಎಂದೂ ಅಲ್ಲಿದೆ. ಅಂಬೇಡ್ಕರ್ ಶ್ರೇಣೀಕೃತ ಅಸಮಾನತೆ ಎಂದು ಕರೆದದ್ದಕ್ಕೆ ಈ ಮಾತು ಎಷ್ಟು ಹತ್ತಿರ! ಮೂರೇ ವರ್ಷಗಳಲ್ಲಿ ಆ ಕಣ್ಣು ಮಂಜಾಯಿತು. 1930ರ ಪುಸ್ತಕದಲ್ಲಿ ‘ನಾವು’ ಎಂಬುದೊಂದೇ ಇದೆ. ನಮ್ಮ ತ್ಯಾಗ, ನಮ್ಮ ಪಾಪಪ್ರಜ್ಞೆ. ಬಾಳುವೆಗೆ ಬೇಕಾದಷ್ಟು ದಮನ ಒಂದು, ಆಳುವವರ ಅನುಕೂಲಕ್ಕಾಗಿ ಹೇರಿದ ಹೆಚ್ಚುವರಿ ದಮನ ಇನ್ನೊಂದು ಎಂದು ತತ್ವಜ್ಞಾನಿ ಹರ್ಬರ್ಟ್ ಮಾರ್ಕ್ಯೂಸ್ 1955ರಲ್ಲಿ ತಿದ್ದಿದ್ದು ಇದನ್ನೇ. ತಿದ್ದುಪಡಿ ಸರಿ. ಆದರೆ ಮಾರ್ಕ್ಯೂಸ್‌ನೂ ಕೊನೆಗೆ ಬಿಡುಗಡೆಯ ಭರವಸೆಗೇ ಮರಳಿ, ಏಳನೆಯ ಅಧ್ಯಾಯವನ್ನು ಬದಿಗೆ ಸರಿಸಿದ.

ಬಿಡುಗಡೆಯ ಆ ಭರವಸೆಗೆ ಏನಾಯಿತು ಎಂಬುದು ಈಗ ಕಣ್ಣೆದುರಿಗಿದೆ. ಸೂಪರ್ ಈಗೋ ‘ಬೇಡ’ ಎನ್ನುವುದಲ್ಲ, ‘ಅನುಭವಿಸು’ ಎಂದು ಆಜ್ಞಾಪಿಸುತ್ತದೆ ಎಂದು ಫ್ರೆಂಚ್ ಮನೋವಿಶ್ಲೇಷಕ ಲಕಾನ್ 1972-73ರ ಉಪನ್ಯಾಸಗಳಲ್ಲಿ ಹೇಳಿದಾಗ ಅದು ಚಮತ್ಕಾರದ ಮಾತಿನಂತೆ ಕೇಳಿಸಿರಬೇಕು. ಇಂದು ಅದೇ ದಿನಚರಿ. ದಿನದ ಹೆಜ್ಜೆ ಎಣಿಸುವ ಕೈಗಡಿಯಾರ, ನಿದ್ದೆಗೆ ಅಂಕ ಕೊಡುವ ಆ್ಯಪ್, ಖುಷಿಯಾಗಿದ್ದೀರಾ ಎಂದು ಕೇಳುವ ಕಚೇರಿಯ ಫಾರ್ಮು. ಹಳಬರಿಗೆ ಸುಖಪಟ್ಟ ಪಾಪ ಕಾಡುತ್ತಿತ್ತು, ಈಗಿನವರಿಗೆ ಸುಖಪಡದ ಪಾಪ. ಬೇಲಿ ಹೋಯಿತು, ಕಾವಲುಗಾರ ಸಂಬಳ ಏರಿಸಿಕೊಂಡು ಕೆಲಸದಲ್ಲೇ ಇದ್ದಾನೆ.

ವೈದ್ಯನಾಗಿ ಫ್ರಾಯ್ಡನ ಸಲಹೆ ಏನು? ಚಿಕಿತ್ಸೆಯಲ್ಲಿ ನಾವು ಎಷ್ಟೋ ಸಲ ರೋಗಿಯ ಸೂಪರ್ ಈಗೋ ವಿರುದ್ಧ ನಿಂತು ಅದರ ಬೇಡಿಕೆಗಳನ್ನು ತಗ್ಗಿಸಬೇಕಾಗುತ್ತದೆ, ಸಮಾಜದ ಸೂಪರ್ ಈಗೋಗೂ ಇದೇ ಮಾತು ಅನ್ವಯಿಸುತ್ತದೆ ಎನ್ನುತ್ತಾನೆ. ಜನರಿಂದ ಪಾಲಿಸಲು ಆಗುತ್ತದೆಯೇ ಎಂದು ನೋಡದೆ ಆಜ್ಞೆ ಹೊರಡಿಸುವ ನೀತಿ ಅವನಿಗೆ ಸಲ್ಲ. ಶಿಕ್ಷಣದ ಬಗೆಗಿನ ಅಡಿಟಿಪ್ಪಣಿಯೂ ಅದೇ ಧಾಟಿಯದು: ಲೋಕದವರೆಲ್ಲ ಸಜ್ಜನರು ಎಂದು ನಂಬಿಸಿ ಹುಡುಗರನ್ನು ಹೊರಗೆ ಕಳಿಸುವುದೆಂದರೆ ಧ್ರುವಪ್ರದೇಶಕ್ಕೆ ಹೊರಟವರಿಗೆ ಬೇಸಗೆಯ ಬಟ್ಟೆ ಹಾಗೂ ಇಟಲಿಯ ಸರೋವರಗಳ ನಕ್ಷೆ ಕೊಟ್ಟಂತೆ. ನಮ್ಮ ನೀತಿಪಾಠದ ಪುಸ್ತಕ ಬರೆಯುವವರು ಇದನ್ನು ಓದಬೇಕು.

ಆದರೆ ಅಂತಃಸಾಕ್ಷಿಯನ್ನು ತಗ್ಗಿಸುವ ಈ ಸಲಹೆ ಎಲ್ಲರಿಗೂ ಒಂದೇ ಅಳತೆಯಲ್ಲಿ ಹೊಂದುವುದಿಲ್ಲ. ವಿಮರ್ಶಕ ಡಿ.ಆರ್. ನಾಗರಾಜ್ 1993ರ ‘ದಿ ಫ್ಲೇಮಿಂಗ್ ಫೀಟ್’ನಲ್ಲಿ ಗಾಂಧೀಜಿಯವರ ಆತ್ಮಶುದ್ಧಿಯನ್ನೂ ಅಂಬೇಡ್ಕರ್ ಅವರ ಆತ್ಮಗೌರವವನ್ನೂ ಎದುರುಬದುರು ಇಟ್ಟು ಚರ್ಚಿಸಿದರು. ಅಸ್ಪೃಶ್ಯತೆ ಸವರ್ಣೀಯರ ಪಾಪ, ಅದನ್ನು ಅವರೇ ತೊಳೆದುಕೊಳ್ಳಬೇಕು ಎಂಬುದು ಮೊದಲನೆಯ ದಾರಿ. ಅದು ನಿಂತಿರುವುದು ಪೂರ್ತಿಯಾಗಿ ಪಾಪಪ್ರಜ್ಞೆಯ ಮೇಲೆ. ಫ್ರಾಯ್ಡನನ್ನು ಪಕ್ಕದಲ್ಲಿಟ್ಟುಕೊಂಡು ನೋಡಿದರೆ ಈ ದಾರಿಯ ತೊಡಕು ಸ್ಪಷ್ಟವಾಗುತ್ತದೆ. ಪಾಪಪ್ರಜ್ಞೆ ಹೆಚ್ಚಾಗಿ ಮುತ್ತುವುದು ಆಗಲೇ ಸಾಕಷ್ಟು ಬಿಟ್ಟುಕೊಟ್ಟ ಸಜ್ಜನನನ್ನು. ಕೆರೆಯ ನೀರು ಮುಟ್ಟಗೊಡದವನು ಹಾಯಾಗಿ ನಿದ್ದೆ ಮಾಡುತ್ತಾನೆ. ಸಜ್ಜನನ ಪ್ರಾಯಶ್ಚಿತ್ತವಾದರೂ ಅವನ ಮತ್ತು ಅವನ ಅಂತಃಸಾಕ್ಷಿಯ ನಡುವಿನ ವ್ಯವಹಾರ. ದಲಿತ ಅಲ್ಲಿ ನೆಪಕ್ಕಷ್ಟೇ ಬೇಕು. ಅಂಬೇಡ್ಕರ್ ಬೇಡವೆಂದದ್ದು ಈ ನೆಪದ ಪಾತ್ರವನ್ನು. ಯಾವ ತಪ್ಪನ್ನೂ ಮಾಡದೆ, ಇನ್ನೊಬ್ಬರ ಶುದ್ಧಿಗೆ ಸಾಮಗ್ರಿಯಾಗಿ ಬದುಕಬೇಕಾದವನ ಅಸುಖ ಫ್ರಾಯ್ಡನ ಮೂರು ಮೂಲಗಳಲ್ಲಿ ಮೂರನೆಯದಕ್ಕೆ ಸೇರುತ್ತದೆ. ಆ ಮೂರನೆಯದೇ ಎಲ್ಲಕ್ಕಿಂತ ಹೆಚ್ಚು ನೋಯಿಸುತ್ತದೆ ಎಂದವನು, ಅದು ಯಾರನ್ನು ಹೆಚ್ಚು ನೋಯಿಸುತ್ತದೆ ಎಂದು ಕೇಳಲಿಲ್ಲ.